ನನ್ನ ಹೊಲಕ್ಕೆ ಕೆಂಪು ಹಾಕಿದವಳು

ನನ್ನ ನಾದಿನಿಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಹಾಗಾದರೆ ಗಿಡಗಳ ಮೇಲಾದರೂ ಪ್ರೀತಿಯಿದೆಯೇನೋ ಎಂದರೆ, ಗಿಡಗಳನ್ನು ಅವಳು ನೋಡುತ್ತಿದ್ದದ್ದು ಏಳೆಂಟು ನೂರು ಕಿಲೋಮೀಟರು ಮೇಲಿನಿಂದ. ಅಷ್ಟು ದೂರದಲ್ಲಿ ಕೂರಿಸಿದರೆ ನನಗೂ ಲೋಕದ ಮೇಲೆ ಪ್ರೀತಿ ಉಕ್ಕುತ್ತಿತ್ತೋ ಏನೋ. ಅವಳಿಗೆ ಅಲ್ಲಿಂದಲೂ ಉಕ್ಕಲಿಲ್ಲ.

ಅವಳು ನನ್ನ ಗಂಡನ ತಂಗಿ. ಬೆಳೆ ನಿಗಾ ಕಚೇರಿಯಲ್ಲಿ ಮೂವತ್ತೇಳು ವರ್ಷ ಕೂತು, ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಯಾರ ಪೈರು ನೆಟ್ಟಗಿದೆ, ಯಾರದಕ್ಕೆ ಕಾಯಿಲೆ ಹತ್ತಿದೆ ಎಂದು ಓದಿ ಹೇಳುವುದು ಅವಳ ಕೆಲಸವಾಗಿತ್ತು. ಊರವರು ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಹಾಗೆ ಕರೆಯುವ ಧೈರ್ಯ ನನ್ನೊಬ್ಬಳಿಗೇ ಇತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಈ ಬರಹದಲ್ಲಿ ಒತ್ತು ದೀರ್ಘ ತಪ್ಪಿದ್ದರೆ ಅವಳೇ ಪೆನ್ಸಿಲು ಹಿಡಿದು ತಿದ್ದುತ್ತಾಳೆ. ಅವಳಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ.

ನಾನು ಸೊಸೆಯಾಗಿ ಆ ಮನೆಗೆ ಹೋದಾಗ ಅವಳಿಗೆ ಹದಿನಾಲ್ಕು. ಕಡ್ಡಿಯಂಥ ಕೈಕಾಲು, ಹಣೆಯ ಕೆಳಗೆ ಬರೀ ಕಣ್ಣು. ಮೊದಲ ವಾರ ನಾನು ಬೆಳಗಿದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಏಳರಲ್ಲಿ ಮೂರನ್ನು ವಾಪಸು ಬಚ್ಚಲಿಗೆ ಇಟ್ಟಳು.

"ನೀನು ನೋಡಲ್ಲ ಅತ್ತಿಗೆ. ಬರೀ ಕಣ್ಣು ಹಾಯಿಸ್ತೀಯ."

ನಮ್ಮತ್ತೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ಹದಿನೆಂಟು ವರ್ಷದ ಹುಡುಗಿ, ತವರು ಬಿಟ್ಟು ಆರು ದಿನ ಆಗಿತ್ತು. ಹೊಟ್ಟೆಯೊಳಗೆ ಬಿದ್ದ ಆ ಕೆಂಡ ಇವತ್ತಿಗೂ ಪೂರ್ತಿ ಆರಿಲ್ಲ.

ಅವಳನ್ನು ನೋಡಲು ಒಂದು ಗಂಡು ಬಂದಿತ್ತು. ಒಳ್ಳೆಯ ಗಂಡು, ಸ್ವಂತ ಅಂಗಡಿ, ಮಾತಿನಲ್ಲಿ ಮರ್ಯಾದೆ. ಎಲ್ಲರೂ ಕೂತಿದ್ದೇವೆ. ಇವಳು ನೀರಿನ ಲೋಟ ಮುಂದೆ ಇಟ್ಟು, ಅವನನ್ನೇ ನಿಟ್ಟಿಸಿ ನೋಡಿ ಹೇಳಿದಳು: "ನಿಮ್ಮ ಅಂಗಿಯ ಮೂರನೇ ಗುಂಡಿ ಬೇರೆ ದಾರದಲ್ಲಿ ಹೊಲಿದಿದೆ. ನಿಮ್ಮನೇಲಿ ಯಾರೂ ಗಮನಿಸಲ್ವಾ?" ಗಂಡಿನ ತಾಯಿ ಲೋಟ ಮುಟ್ಟದೆ ಎದ್ದರು. ಆಮೇಲೆ ಇನ್ನೊಂದು ಗಂಡು ಬರಲಿಲ್ಲ. ಬಂದಿದ್ದರೆ ಅವನ ಗುಂಡಿಯನ್ನು ನಾನೇ ಮೊದಲು ನೋಡಿ ಸರಿಮಾಡಿ ಕೂರಿಸುತ್ತಿದ್ದೆ, ಇವಳು ಮನೆ ಬಿಟ್ಟರೆ ಸಾಕಾಗಿತ್ತು.

ಮನೆಯನ್ನೇನೋ ಬಿಟ್ಟಳು, ಆದರೆ ನೌಕರಿಗೆ. ಮೊದಲು ನಕ್ಷೆಗಳ ಮೇಲೆ ತೆಳು ಹಾಳೆ ಇಟ್ಟು ಶಾಯಿಯಲ್ಲಿ ಗೆರೆ ಎಳೆಯುವ ಕೆಲಸ. ಆಮೇಲೆ ವಿಮಾನದಿಂದ ತೆಗೆದ ಫೋಟೋಗಳು ಬಂದವು. ಎರಡು ಫೋಟೋ ಪಕ್ಕಪಕ್ಕ ಇಟ್ಟು, ನಾಲ್ಕು ಕಾಲಿನ ಒಂದು ಕನ್ನಡಕದಂಥದ್ದನ್ನು ಮೇಲಿಟ್ಟು ಬಗ್ಗಿ ನೋಡಿದರೆ ಮರ, ಮನೆ, ಬದು ಎಲ್ಲ ಹಾಳೆ ಬಿಟ್ಟು ಮೇಲೆದ್ದು ನಿಲ್ಲುತ್ತವೆ. ನನಗೂ ಒಮ್ಮೆ ತೋರಿಸಿದ್ದಳು. ನಮ್ಮ ಮನೆಯ ಹಿತ್ತಲಿನಲ್ಲಿ ಒಣಗಲು ಹಾಕಿದ್ದ ಬಟ್ಟೆ ಬೆಳ್ಳನೆ ಕಾಣಿಸುತ್ತಿತ್ತು. "ನೋಡು, ಆ ಬಟ್ಟೆ ಮಧ್ಯಾಹ್ನ ಆದ್ರೂ ಎತ್ತಿಲ್ಲ" ಎಂದಳು. ಆಕಾಶಕ್ಕೆ ಹಾರಿದರೂ ಅವಳಿಗೆ ಕಾಣುವುದು ನನ್ನ ತಪ್ಪೇ.

ಉಪಗ್ರಹದ ಚಿತ್ರಗಳು ಬಂದ ಹೊಸದರಲ್ಲಿ ಇನ್ನೊಂದು ಆಟ ಆಡಿದಳು. ಊಟಕ್ಕೆಂದು ಬಂದವಳು ಒಂದು ದೊಡ್ಡ ಹಾಳೆ ಬಿಡಿಸಿ ಅಣ್ಣನ ಮುಂದೆ ಇಟ್ಟಳು. ನಮ್ಮ ಹೊಲ ರಕ್ತ ಚೆಲ್ಲಿದ ಹಾಗೆ ಕೆಂಪು! ಅವಳ ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು. ನಾನು ಎದ್ದು ಹೊಲಕ್ಕೆ ಓಡಿ, ಸಾಲು ಸಾಲು ಎಲೆ ತಿರುಗಿಸಿ ನೋಡಿ, ಏದುಸಿರು ಬಿಡುತ್ತಾ ವಾಪಸು ಬಂದೆ. ಅಷ್ಟರಲ್ಲಿ ಅವಳ ಊಟ ಮುಗಿದಿತ್ತು. ಕೈ ತೊಳೆಯುತ್ತಾ ಹೇಳಿದಳು: "ಈ ಚಿತ್ರದಲ್ಲಿ ಕೆಂಪು ಅಂದ್ರೆ ಚೆನ್ನಾಗಿದೆ ಅಂತ ಅರ್ಥ. ಕಣ್ಣಿಗೆ ಕಾಣದ ಒಂದು ಬೆಳಕಿದೆ, ಗಟ್ಟಿಮುಟ್ಟಾದ ಎಲೆ ಅದನ್ನ ಜೋರಾಗಿ ವಾಪಸ್ ಎಸೆಯುತ್ತೆ. ಅದನ್ನ ಕೆಂಪಲ್ಲಿ ಅಚ್ಚು ಹಾಕ್ತಾರೆ. ಎಲೆ ಸೊರಗಿದ್ರೆ ಎಸೆಯೋ ಶಕ್ತಿ ಕಮ್ಮಿ, ಮಂಕಾಗುತ್ತೆ. ನಮ್ಮ ಕಣ್ಣಿಗೆ ಹಸಿರಾಗೇ ಇರುತ್ತೆ, ಚಿತ್ರಕ್ಕೆ ಮೊದಲೇ ಗೊತ್ತಾಗಿರುತ್ತೆ."

"ಇದನ್ನ ಅನ್ನಕ್ಕೆ ಕೈ ಹಾಕೋ ಮುಂಚೆ ಹೇಳೋಕೆ ಏನಾಗಿತ್ತೇ ನಿನಗೆ?" ಎಂದೆ.

"ನೀನು ಕೇಳಲಿಲ್ಲ. ಓಡಿದೆ."

ಮುಂದೆ ಕಚೇರಿಯ ಚಿತ್ರಗಳ ಬಣ್ಣ ಬದಲಾಯಿತು. ಕಂಪ್ಯೂಟರ್ ಪರದೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಹಸಿರು ಎಂದರೆ ಆರೋಗ್ಯ, ಹಳದಿ ಎಂದರೆ ಅನುಮಾನ, ಕೆಂಪು ಎಂದರೆ ರೋಗ. ಬಣ್ಣ ತಿರುವುಮುರುವಾಯಿತು, ಇವಳು ಆಗಲಿಲ್ಲ.

ನಮ್ಮಿಬ್ಬರ ಮಾತು ನಿಂತುಹೋದದ್ದು ನನ್ನ ಗಂಡ ತೀರಿಕೊಂಡ ದಿನ. ಮನೆ ತುಂಬ ಜನ. ಅವಳು ಬಂದಳು, ಅಣ್ಣನ ಮುಖ ನೋಡಿದಳು, ಅಳಲಿಲ್ಲ. ಸೀದಾ ಗೂಡಿನ ಹತ್ತಿರ ಹೋಗಿ ಮಾತ್ರೆಯ ಹಾಳೆ ಎತ್ತಿಕೊಂಡಳು. ದಿನಾಂಕ ನೋಡಿದಳು, ಎಣಿಸಿದಳು.

"ಎರಡು ಮಾತ್ರೆ ಹೆಚ್ಚಿಗೆ ಉಳಿದಿದೆ."

ಇಷ್ಟೇ ಹೇಳಿದ್ದು. ಸುತ್ತ ಕೂತ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಿಜ, ಕೊನೆಯ ಎರಡು ದಿನ ನನ್ನ ಗಂಡನೇ ಬೇಡ ಎಂದಿದ್ದರು, ನಾನು ಒತ್ತಾಯ ಮಾಡಿರಲಿಲ್ಲ. ಡಾಕ್ಟರು ಆಮೇಲೆ, ಆ ಮಾತ್ರೆಯಿಂದ ಏನೂ ಆಗುತ್ತಿರಲಿಲ್ಲ ಎಂದರು. ನಿಜವಾದದ್ದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕೇ? ಹೆಣದ ಮುಂದೆ? ಅವತ್ತಿನಿಂದ ಅವಳ ಹೊಸಿಲು ನಾನು ತುಳಿಯಲಿಲ್ಲ, ನನ್ನ ಹೊಸಿಲು ಅವಳು ತುಳಿಯಲಿಲ್ಲ. ಮೂರು ಬೀದಿ ಆಚೆ ಅವಳ ಬಾಡಿಗೆ ಮನೆ. ಎದುರಾದರೆ ನಾನು ಆ ಬದಿಗೆ, ಅವಳು ಈ ಬದಿಗೆ.

ಈಗ ಹೊಲದ ವಿಷಯಕ್ಕೆ ಬರುತ್ತೇನೆ. ನಮ್ಮದು ಎರಡು ಎಕರೆ, ಬೀಜದ ಆಲೂಗಡ್ಡೆ ಬೆಳೆಯುವ ಹೊಲ. ತಿನ್ನುವ ಆಲೂಗಡ್ಡೆ ಯಾರು ಬೇಕಾದರೂ ಬೆಳೆಯಬಹುದು. ಬಿತ್ತನೆಗೆ ಕೊಡುವ ಗಡ್ಡೆ ಬೆಳೆಯಲು ಬೀಜ ಮಂಡಳಿಯ ಅನುಮತಿ ಬೇಕು. ಮೂಟೆಯ ಬಾಯಿಗೆ ಮಂಡಳಿಯ ನೀಲಿ ಚೀಟಿ ಇಲ್ಲದೆ ಯಾರೂ ಮುಟ್ಟುವುದಿಲ್ಲ. ಗಂಡ ಬದುಕಿದ್ದಾಗಲೂ ಆ ಹೊಲ ನನ್ನದೇ. ಹತ್ತೊಂಬತ್ತು ವರ್ಷ ಪ್ರತಿ ಬೆಳೆಯಲ್ಲೂ ತಾಯಿಗಡ್ಡೆಗಳನ್ನು ನನ್ನ ಕೈಯಾರೆ ಆರಿಸಿ, ಮೊಳಕೆಯೊಡೆಯುವ ಕಣ್ಣು ಎಣಿಸಿ, ಬೇರೆ ತೆಗೆದು ಇಡುತ್ತಾ ಬಂದಿದ್ದೆ. ನನ್ನ ಗಡ್ಡೆ ಕೇಳಿಕೊಂಡು ನಾಲ್ಕು ಊರಿನವರು ಬರುತ್ತಿದ್ದರು.

ಬೀಜದ ಆಲೂಗಡ್ಡೆಯಲ್ಲಿ ಒಂದು ಕ್ರಮ ಇದೆ, ಹೊರಗಿನವರಿಗೆ ಅದು ಹುಚ್ಚುತನದಂತೆ ಕಾಣುತ್ತದೆ. ಗಿಡದ ಮೇಲೆ ಸಣ್ಣ ಹಸಿರು ಹೇನು ಕಾಣಿಸಿಕೊಂಡ ಕೂಡಲೇ, ಪೈರು ಎಷ್ಟೇ ಸೊಂಪಾಗಿರಲಿ, ಸೊಪ್ಪನ್ನೆಲ್ಲ ಬುಡದವರೆಗೆ ಕೊಯ್ದು ಹಾಕುತ್ತೇವೆ. ಹೇನು ತರುವ ನಂಜು ಎಲೆಯಿಂದ ಗಡ್ಡೆಗೆ ಇಳಿಯಬಾರದು ಎಂದು. ಗಡ್ಡೆ ಮಣ್ಣಿನೊಳಗೇ ಹದಿನೈದು ದಿನ ಕೂತು ಸಿಪ್ಪೆ ಗಟ್ಟಿ ಮಾಡಿಕೊಳ್ಳುತ್ತದೆ, ಆಮೇಲೆ ಅಗೆಯುವುದು. ಇನ್ನೊಂದು ನಿಯಮವೂ ಇದೆ: ಅಂಗಮಾರಿ ಕಂಡರೆ ಅದೇ ದಿನ ಮಂಡಳಿಗೆ ಹೇಳಬೇಕು. ಅಂಗಮಾರಿ ಎಂದರೆ ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಪ್ಪು ಕಲೆ, ಅಡಿಯಲ್ಲಿ ಬಿಳಿ ಬೂಷ್ಟು. ಗಾಳಿಯಲ್ಲಿ ಹೋಗುತ್ತದೆ, ನೀರಿನಲ್ಲಿ ಹೋಗುತ್ತದೆ. ಇವತ್ತು ನನ್ನ ಹೊಲ, ನಾಡಿದ್ದು ಪಕ್ಕದವನ ಹೊಲ.

ಆ ವರ್ಷ ನನಗೆ ಅರವತ್ತೆರಡು. ಒಂದು ಬುಧವಾರ ಬೆಳಿಗ್ಗೆ, ಕಾಲುವೆ ಪಕ್ಕದ ತಗ್ಗಿನ ಮೂಲೆಯಲ್ಲಿ ಆ ಕಪ್ಪು ಕಲೆ ಕಂಡಿತು. ಎಲೆ ತಿರುಗಿಸಿದೆ. ಬಿಳಿ ಬೂಷ್ಟು.

ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಸುತ್ತ ಯಾರೂ ಇರಲಿಲ್ಲ. ಕಲೆ ಕಂಡ ಗಿಡಗಳನ್ನೆಲ್ಲ ಕಿತ್ತು, ಮಂಕರಿಗೆ ತುಂಬಿ, ಮನೆಯ ಹಿಂದೆ ಒಯ್ದು ಒಲೆಗೆ ಹಾಕಿದೆ. ಮಾರನೆಯ ದಿನ ನಾಲ್ಕು ಜನ ಹೆಂಗಸರನ್ನು ಕರೆದು ಇಡೀ ಹೊಲದ ಸೊಪ್ಪು ಕೊಯ್ಯಿಸಿದೆ. ಕೇಳಿದವರಿಗೆಲ್ಲ ಹೇನು ಬಂದಿದೆ ಎಂದೆ.

ಪಕ್ಕದ ಹೊಲದವನಿಗೆ ನಾವೆಲ್ಲ ಪಂಪು ಎನ್ನುತ್ತೇವೆ, ಶುರುವಾದರೆ ನಿಲ್ಲುವುದಿಲ್ಲ. ಬದುವಿನ ಮೇಲೆ ನಿಂತು ಕೂಗಿದ: "ಏನಕ್ಕಾ, ನನ್ನ ಹೊಲದಲ್ಲಿ ಒಂದು ಹೇನೂ ಇಲ್ಲ, ನಿನಗೇ ಹುಡುಕ್ಕೊಂಡು ಬಂದಿದಾವಾ?"

"ರುಚಿ ಗೊತ್ತಿರೋ ಹೇನು ಕಣೋ. ನಿನ್ನದನ್ನ ಮೂಸಿ ಬಿಟ್ಟು ಬಂದಿವೆ" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಮುಂದಿನ ಮಂಗಳವಾರ ಕಾಗದ ಬಂತು. ಬೆಳೆ ನಿಗಾ ಕಚೇರಿಯಿಂದ. ಕಚೇರಿಯ ಭಾಷೆ ನನಗೆ ಹತ್ತದು, ಪಂಪು ಓದಿ ಹೇಳಿದ: ನನ್ನ ಹೊಲ ಚಿತ್ರದಲ್ಲಿ ಕೆಂಪು, ಅಂಗಮಾರಿಯ ಶಂಕೆ. ಹತ್ತು ದಿನದೊಳಗೆ ತಪಾಸಣೆಯಲ್ಲಿ ಬೇರೆ ಕಾರಣ ರುಜುವಾಗದಿದ್ದರೆ ಗಡ್ಡೆಯೆಲ್ಲ ಅಗೆದು ಸುಣ್ಣದ ಗುಂಡಿಯಲ್ಲಿ ಹೂಳತಕ್ಕದ್ದು, ಮೂರು ವರ್ಷ ಬೀಜ ಬೆಳೆಯಲು ಅನುಮತಿ ಇಲ್ಲ. ಕೆಳಗೆ ಸಹಿ. ಆ ಸಹಿಯನ್ನು ನಾನು ಓದಿಸಿಕೊಳ್ಳಬೇಕಿರಲಿಲ್ಲ. ಬರೆದದ್ದೋ ಕೊರೆದದ್ದೋ ಎಂಬಂಥ ಆ ಅಕ್ಷರ ನಲವತ್ತು ವರ್ಷದಿಂದ ಗೊತ್ತು.

ಅರವತ್ತೆರಡರಲ್ಲಿ ಮೂರು ವರ್ಷ ಬಿಡುವುದು ಎಂದರೆ ಬಿಟ್ಟ ಹಾಗೆಯೇ. ಆರಿಸಿ ಆರಿಸಿ ತಂದ ತಾಯಿಗಡ್ಡೆಗಳು ಒಂದೇ ಗುಂಡಿಗೆ ಹೋದರೆ ಮತ್ತೆ ಹತ್ತೊಂಬತ್ತು ವರ್ಷ ಎಲ್ಲಿಂದ ತರಲಿ?

ಪಂಪು ಕುದಿಯುತ್ತಿದ್ದ. "ಸೊಪ್ಪು ಕೊಯ್ದ ಹೊಲಕ್ಕೂ ರೋಗ ಬಂದ ಹೊಲಕ್ಕೂ ವ್ಯತ್ಯಾಸ ಗೊತ್ತಿಲ್ವಾ ಆ ಭೂತಗನ್ನಡಿಗೆ? ಬೀಜದ ಮನೇಲಿ ಹುಟ್ಟಿದವಳು! ಬೇಕೂಂತಲೇ ಮಾಡಿದಾಳೆ. ನಡಿ ಅಕ್ಕಾ, ಇವತ್ತು ಅವಳದೊಂದು ತೀರ್ಮಾನ ಆಗ್ಲಿ."

ಹನ್ನೊಂದು ಜನ ಹೋದೆವು. ಕಚೇರಿಯಲ್ಲಿ ಅವಳ ಕೋಣೆ ನಾನು ನೋಡಿದ್ದು ಅವತ್ತೇ ಮೊದಲು. ಕಿಟಕಿಗೆ ದಪ್ಪ ಪರದೆ, ಹಗಲಲ್ಲೂ ಮಬ್ಬು. ಮೇಜಿನ ಮೇಲೆ ಎರಡು ಕಂಪ್ಯೂಟರು, ಕಣ್ಣಿಗೆ ಹಾಕುವ ಹನಿಯ ಶೀಸೆ, ಒದ್ದೆ ಬಟ್ಟೆಯ ತುಂಡು. ಬಂದವರಿಗೆ ಕೂರಲು ಒಂದೇ ಒಂದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೂ ಫೈಲುಗಳು. ಯಾರೂ ಕೂರಬಾರದೆಂದೇ ಇಟ್ಟ ಸ್ಟೂಲು.

ಪಂಪು ಬಾಗಿಲಲ್ಲೇ ಶುರುಮಾಡಿದ. "ಏನಮ್ಮಾ, ಆಕಾಶದಲ್ಲಿ ಕೂತು ನಮ್ಮ ಹೊಲ ನೋಡ್ತೀಯಂತೆ. ಒಂದು ದಿನ ಕೆಸರಿಗೆ ಕಾಲಿಟ್ಟಿದೀಯಾ?"

ಅವಳು ಅವನ ಕಾಲು ನೋಡಿದಳು. "ನಿಮ್ಮ ಕೆಸರು ನನ್ನ ಕೋಣೆಗೆ ಬಂದಿದೆ. ಹೊರಗೆ ಚಾಪೆ ಇದೆ, ಒರೆಸ್ಕೊಂಡು ಬನ್ನಿ. ಆಮೇಲೆ ಮಾತಾಡೋಣ."

"ಅತ್ತಿಗೆ ಮೇಲಿನ ಹಗೆ ತೀರಿಸ್ಕೋತಿದೀಯಾ! ಊರಿಗೆಲ್ಲಾ ಗೊತ್ತು!"

"ಹಗೆ ಇದೆ" ಎಂದಳು, ಇಂದು ಮಂಗಳವಾರ ಎಂದು ಹೇಳುವ ಹಾಗೆ. "ಅದು ಮನೇಲಿದೆ. ಇಲ್ಲಿ ಚಿತ್ರ ಇದೆ."

ಯಾರೋ ಸ್ಟೂಲಿನ ಫೈಲುಗಳನ್ನು ನೆಲಕ್ಕೆ ತಳ್ಳಿದರು. ಯಾರೋ ಮುದಿಗೂಬೆ ಎಂದರು. ಗದ್ದಲಕ್ಕೆ ಅವಳ ಮೇಲಧಿಕಾರಿ ಓಡಿ ಬಂದ. ಮೀಸೆ ಈಚೆಗೆ ಬಂದ ವಯಸ್ಸು, ಬೆವರು ಒರೆಸಿಕೊಳ್ಳುತ್ತಾ ಬಗ್ಗಿ ಹೇಳಿದ: "ಹೋಗಲಿ ಬಿಡಿ ಮೇಡಂ, ಹಳದಿ ಮಾಡಿಬಿಡಿ. ಯಾಕೆ ರಗಳೆ?"

"ಮಾಡ್ತೀನಿ ಸರ್. ಹಳದಿ ಮಾಡು ಅಂತ ನೀವು ಬರೆದು ಸಹಿ ಹಾಕಿಕೊಡಿ."

ಅವನು ಹೋದ ದಾರಿಯಲ್ಲೇ ವಾಪಸು ಹೋದ.

ಆಗ ಅವಳು ಒಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನನ್ನು ಮಾತಾಡಿಸಿದಳು. "ಅತ್ತಿಗೆ, ಇದು ನೀನು ಸೊಪ್ಪು ಕೊಯ್ಯೋಕೆ ಮೂರು ದಿನ ಮುಂಚಿನ ಚಿತ್ರ. ಐದು ದಿನಕ್ಕೊಂದು ಬರುತ್ತೆ. ಹತ್ತು ಮೀಟರಿಗೆ ಒಂದು ಚೌಕ, ನಿನ್ನ ಹೊಲದಲ್ಲಿ ಎಂಬತ್ತು ಚೌಕ. ಈ ಮೂಲೆ ನೋಡು."

ಎಪ್ಪತ್ತಾರು ಚೌಕ ಗಿಳಿಹಸಿರು. ಕಾಲುವೆಯ ಪಕ್ಕ ನಾಲ್ಕು ಚೌಕ ಮಾಸಲು. ಸೋಮವಾರದ ಚಿತ್ರ ಅದು. ನನ್ನ ಕಣ್ಣಿಗೆ ಕಲೆ ಬಿದ್ದದ್ದು ಬುಧವಾರ. ಎಲೆ ನನಗೆ ಹೇಳುವ ಎರಡು ದಿನ ಮೊದಲೇ ಅವಳಿಗೆ ಹೇಳಿಬಿಟ್ಟಿತ್ತು.

"ಇದೊಂದೇ ಆಗಿದ್ರೆ ಹಳದಿ ಹಾಕ್ತಿದ್ದೆ. ಮೋಡದ ನೆರಳಿರಬಹುದು, ನೀರು ನಿಂತಿರಬಹುದು. ಮುಂದಿನ ಚಿತ್ರ ಬರೋ ಹೊತ್ತಿಗೆ ಹೊಲಾನೇ ಬೋಳು. ಅನುಮಾನ ಇದ್ದ ಹೊಲ ಬೋಳಾದ್ರೆ ಕೆಂಪು, ನಿಯಮ ಅದು. ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಹೊಲದಲ್ಲಿರು."

"ಏನದು? ಏನ್ ತೋರಿಸಿದ್ಳು?" ಎಂದು ಪಂಪು ದಾರಿಯುದ್ದಕ್ಕೂ ಕೇಳಿದ. ಏನೋ ಬಣ್ಣ ಕಣೋ, ನನಗೇನು ತಿಳಿಯುತ್ತೆ ಎಂದೆ.

ಏಳಕ್ಕೆ ಸರಿಯಾಗಿ ಬಂದಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಗುದ್ದಲಿ, ಹೆಗಲಿಗೆ ಚೀಲ. ಐವತ್ತೆಂಟರ ಹೆಂಗಸು, ಬದುವಿನ ಮೇಲೆ ಸರಸರ ನಡೆದಳು. ಪಂಪು ತನ್ನ ಹೊಲದಲ್ಲಿ ಕೈಕಟ್ಟಿ ನಿಂತಿದ್ದ, ಅವನ ಹಿಂದೆ ಐದಾರು ಜನ. ಅವಳು ತಗ್ಗಿನ ಮೂಲೆಗೆ ಹೋಗಿ ಅಗೆದಳು. ಒಂದು ಗಡ್ಡೆಯನ್ನು ಚಾಕುವಿನಿಂದ ಸೀಳಿದಳು. ಸಿಪ್ಪೆಯ ಕೆಳಗೆ ಕಂದು ಬಣ್ಣದ ಗೆರೆ. ಎರಡನೆಯದೂ ಹಾಗೇ. ಎರಡನ್ನೂ ಚೀಲಕ್ಕೆ ಹಾಕಿ ನನ್ನ ಹತ್ತಿರ ಬಂದಳು. ದನಿ ತಗ್ಗಿಸಿದಳು, ನನ್ನ ಮೇಲಿನ ಮರುಕಕ್ಕಲ್ಲ, ಕೂಗುವ ಅಭ್ಯಾಸ ಅವಳಿಗೆ ಇರಲಿಲ್ಲ.

"ಇಲ್ಲಿ ಗಿಡ ಕೊಯ್ದಿಲ್ಲ, ಬೇರು ಸಮೇತ ಕಿತ್ತಿದೀಯ. ಗುಳಿ ಇದೆ. ಕಿತ್ತಿದ್ದನ್ನ ಎಲ್ಲಿ ಹಾಕಿದೆ?"

"ಒಲೆಗೆ."

"ಹಸಿ ಗಿಡಾನಾ? ಯಾವ ದಾರೀಲಿ ಹೊತ್ಕೊಂಡು ಹೋದೆ?"

ನಾನು ಬಗ್ಗಿ, ಕಾಲ ಬಳಿ ಬಿದ್ದಿದ್ದ ಗಡ್ಡೆಯೊಂದನ್ನು ಎತ್ತಿಕೊಂಡೆ.

"ಕೇಳು ಅತ್ತಿಗೆ. ಮೇಲಿಂದ ನನಗೆ ಎಲೆ ಕಾಣುತ್ತೆ, ನಿನ್ನ ಕಾಲು ಕಾಣಲ್ಲ. ಮಂಕರಿಯಿಂದ ಒಂದೊಂದು ಎಲೆ ಎಲ್ಲೆಲ್ಲಿ ಉದುರಿದೆಯೋ ಅಲ್ಲೆಲ್ಲ ರೋಗ ಇಳಿದಿರುತ್ತೆ. ನೀನು ದಾರಿ ತೋರಿಸಿದ್ರೆ, ನಾಲ್ಕು ಚೌಕ ರೋಗ, ಸುತ್ತ ಐದು ಚೌಕ ಕಾವಲು, ಜೊತೆಗೆ ಆ ದಾರಿಯ ಸಾಲುಗಳು. ಇಷ್ಟು ಹೂಳಿಸ್ತೀನಿ. ಮಿಕ್ಕಿದ್ದಕ್ಕೆ ಪರೀಕ್ಷೆ, ಪಾಸಾದ್ರೆ ಚೀಟಿ. ತೋರಿಸದೆ ಇದ್ರೆ ಎಂಬತ್ತೂ ಕೆಂಪು."

"ತೋರಿಸ್ತೀನಿ. ಅವರನ್ನೆಲ್ಲ ಕಳಿಸು ಮೊದಲು."

"ಅವರು ಇರ್ಬೇಕು. ಅಕ್ಕಪಕ್ಕದ ಹೊಲದವರ ಮುಂದೆ ತೋರಿಸಿ ಸಹಿ ಹಾಕಿದ್ರೇನೇ ಅದು ಲೆಕ್ಕ."

"ನನ್ನ ಮಾನ ತೆಗೀಬೇಕು ಅಂತಲೇ ಬಂದಿದೀಯಾ?"

"ನಿನ್ನ ಮಾನ ನನಗ್ಯಾಕೆ? ಇಟ್ಕೊಂಡು ಏನ್ ಮಾಡ್ಲಿ? ದಾರಿ ಹೇಳು."

ಅವಳ ಕೆನ್ನೆಗೆ ಹೊಡೆಯಬೇಕೆಂದು ಕೈ ತುರಿಸಿತು. ಸುಳ್ಳು ಹೇಳುತ್ತಿಲ್ಲ. ಆದರೆ ಕೈಯಲ್ಲಿ ಒಂದು ಗಡ್ಡೆ ಇತ್ತು, ಅವಳು ಅಗೆಯುವಾಗ ಉರುಳಿ ಬಂದದ್ದು, ಮೇಲಿನ ಸಾಲಿನದು. ಸಿಪ್ಪೆ ನಯವಾಗಿತ್ತು, ಕಣ್ಣು ಒಂಬತ್ತು. ನನ್ನ ಗಡ್ಡೆ. ಎಣಿಸದೆಯೂ ಗೊತ್ತಾಗುತ್ತಿತ್ತು.

ನಾನು ನಡೆದೆ. ತಗ್ಗಿನ ಮೂಲೆಯಿಂದ ಹೊರಟೆ. ಸೀದಾ ಮನೆಗೆ ಹೋಗುವ ಕಾಲುದಾರಿ ಬೀದಿಗೆ ಕಾಣುತ್ತದೆ, ಆ ಬುಧವಾರ ಯಾರಾದರೂ ನೋಡಿಯಾರೆಂದು ನಾನು ಬೇರೆ ದಾರಿ ಹಿಡಿದಿದ್ದೆ. ಅದೇ ದಾರಿಯಲ್ಲಿ ಈಗ ಎಲ್ಲರ ಕಣ್ಣೆದುರು ನಡೆದೆ. ನನ್ನ ಹೊಲಕ್ಕೂ ಪಂಪುವಿನ ಹೊಲಕ್ಕೂ ನಡುವಿನ ಬದು. ಅದರ ಉದ್ದಕ್ಕೂ, ಆ ತುದಿಯವರೆಗೆ. ಅವಳು ಹಿಂದೆ ಹಿಂದೆ ಬಂದು ಹತ್ತು ಹೆಜ್ಜೆಗೊಂದು ಗೂಟ ಹೊಡೆದಳು.

ಪಂಪುವಿಗೆ ಮೊದಲು ಅರ್ಥವಾಗಲಿಲ್ಲ. ಮೂರನೆಯ ಗೂಟ ಬೀಳುವ ಹೊತ್ತಿಗೆ ಆಯಿತು.

"ಅಕ್ಕಾ, ಏನಿದು? ಏನು ಹೊತ್ಕೊಂಡು ಹೋಗಿದ್ದೆ ನನ್ನ ಬದುವಿನ ಮೇಲೆ?"

"ರೋಗದ ಗಿಡ" ಎಂದೆ.

"ಹೇನು ಅಂದಿದ್ದೆಯಲ್ಲ. ನಗಾಡಿದ್ದೆಯಲ್ಲ ನನ್ನ ಜೊತೆ."

ಗೂಟ ಹೊಡೆಯಲು ಅವಳಿಗೆ ಜಾಗ ಬಿಟ್ಟು ನಾನು ಮುಂದೆ ನಡೆದೆ.

"ನಿನಗೋಸ್ಕರ ಹೋಗಿ ಅವಳಿಗೆ ಬಾಯಿಗೆ ಬಂದ ಹಾಗೆ ಬೈದು ಬಂದೆನಲ್ಲ! ಥೂ! ಏಳು ದಿನ! ಏಳು ದಿನ ಮೊದಲು ಬಾಯಿ ಬಿಟ್ಟಿದ್ರೆ ಔಷಧಿ ಹೊಡ್ಕೋತಿದ್ದೆ. ನನ್ನ ಹೊಲ ಹೋದ್ರೆ ಪರವಾಗಿಲ್ಲ, ನಿನ್ನ ಚೀಟಿ ಉಳೀಬೇಕು ಅಲ್ವಾ? ಒಳ್ಳೇ ಮುಖ ಇಟ್ಕೊಂಡ ಹಾವು ನೀನು. ಅವಳಾದ್ರೂ ಎದುರಿಗೇ ಕಚ್ತಾಳೆ!"

ಹಿಂದಿನ ದಿನ ನನ್ನ ಪರವಾಗಿ ಫೈಲು ತಳ್ಳಿದ್ದವರು ಈಗ ನನ್ನ ಹೊಲದ ಕಡೆಗೆ ಉಗಿದು ಹೋದರು. ಅವರಲ್ಲೊಬ್ಬಳು ನನ್ನ ಹೊಲದ ಸೊಪ್ಪು ಕೊಯ್ದವಳು. ಈ ಕೈ ತೊಳೆಯದೆ ನನ್ನ ಮನೆಯ ಗಿಡಗಳನ್ನೂ ಮುಟ್ಟಿದೆನಲ್ಲ ಎಂದು ಕೂಗಾಡಿದಳು. ನಾದಿನಿ ಅವರನ್ನು ತಡೆಯಲಿಲ್ಲ, ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಪಂಪುವಿಗೆ ಮಾತ್ರ ಹೇಳಿದಳು: "ಕೂಗಿದ್ದು ಸಾಕು. ಬದುವಿನ ಪಕ್ಕದ ನಾಲ್ಕು ಸಾಲು ಇವತ್ತೇ ಕಿತ್ತು ಇಲ್ಲೇ ಹೂಳಿ, ಹೊತ್ಕೊಂಡು ತಿರುಗಬೇಡಿ. ಮಿಕ್ಕಿದ್ದಕ್ಕೆ ಮಧ್ಯಾಹ್ನದೊಳಗೆ ಔಷಧಿ ಹೊಡೀರಿ. ನಿಮ್ಮ ಹೊಲ ಇನ್ನೂ ಹಸಿರಾಗೇ ಕಾಣ್ತಿದೆ."

ಆಮೇಲೆ ಚೀಲದಿಂದ ಕಾಗದ ತೆಗೆದಳು. ಓದಿ ಹೇಳಿದಳು, ಒಂದು ಸಾಲೂ ಬಿಡದೆ, ಮೆತ್ತಗೆ ಮಾಡದೆ. ಬೆಳೆಗಾರ್ತಿ ರೋಗ ಮುಚ್ಚಿಟ್ಟಿದ್ದಾಳೆ. ಬೆಳೆಗಾರ್ತಿ ರೋಗದ ಗಿಡವನ್ನು ನೆರೆಯ ಬದುವಿನ ಮೇಲೆ ಸಾಗಿಸಿದ್ದಾಳೆ. ಬೆಳೆಗಾರ್ತಿ ತಾನೇ ಸ್ಥಳ ತೋರಿಸಿದ್ದಾಳೆ. ಕೊನೆಗೆ ಶಾಯಿಯ ಡಬ್ಬಿಯನ್ನು ಮುಂದೆ ಹಿಡಿದಳು, ಹೆಬ್ಬೆಟ್ಟು ಒತ್ತಲು.

"ಪೆನ್ನು ಕೊಡೇ" ಎಂದೆ.

ಕೊಟ್ಟಳು. ಬರೆದೆ. ಅವಳು ಬಗ್ಗಿ ನೋಡಿದಳು. "ಎರಡನೇ ಅಕ್ಷರಕ್ಕೆ ದೀರ್ಘ ಬೇಕು" ಎಂದಳು. ಹಾಕಿದೆ.

ಒಂಬತ್ತು ಚೌಕ ಮತ್ತು ಬದುವಿನ ಪಕ್ಕದ ಸಾಲುಗಳನ್ನು ಅವತ್ತೇ ಅಗೆದೆವು. ಕೂಲಿಗೆ ಯಾರೂ ಬರಲಿಲ್ಲ, ನಾನು ಮತ್ತು ಅವಳು. ಅಕ್ಕಪಕ್ಕ ಬಗ್ಗಿ ಸಂಜೆಯವರೆಗೆ ಅಗೆದೆವು. ನಾನು ಬಿಟ್ಟ ಗಡ್ಡೆಗಳನ್ನು ಹಿಂದಿನಿಂದ ಆರಿಸಿಕೊಂಡು ಬರುತ್ತಾ, "ಇಲ್ಲೊಂದು. ಇಲ್ಲೂ ಒಂದು" ಎನ್ನುತ್ತಿದ್ದಳು. ಗುಂಡಿಗೆ ಸುಣ್ಣ ಸುರಿದದ್ದೂ ಅವಳೇ, ನನ್ನ ಕೈ ಮೇಲೇಳಲಿಲ್ಲ.

ಕಾಲುವೆಯ ಬಳಿ ಬಕೆಟ್ಟಿನಲ್ಲಿ ಔಷಧಿಯ ನೀರು ಮಾಡಿ ಬೂಟು ತೊಳೆಯುತ್ತಿದ್ದಳು. ನನ್ನ ಕಾಲನ್ನೂ ಅದೇ ನೀರಿನಲ್ಲಿ ತೊಳೆಯಲು ಹೇಳಿದಳು. ಆಗ ಕೇಳಿಯೇಬಿಟ್ಟೆ.

"ಸೋಮವಾರವೇ ನಿನಗೆ ಕಂಡಿತ್ತು. ಎರಡು ದಿನ ಮೊದಲೇ. ಒಂದು ಮಾತು ಹೇಳಿದ್ರೆ ನಾಲ್ಕು ಸಾಲಲ್ಲಿ ಮುಗೀತಿತ್ತು. ಕಾದು ಕೂತು ಕೆಂಪು ಹಾಕಿದೆಯಲ್ಲ, ಹೊಟ್ಟೆ ತಣ್ಣಗಾಯ್ತಾ?"

ಅವಳು ಬೂಟಿನ ಹಿಮ್ಮಡಿಯನ್ನು ಉಜ್ಜುತ್ತಲೇ ಇದ್ದಳು.

"ಎರಡು ಚಿತ್ರ ನೋಡದೆ ರೈತರಿಗೆ ಹೇಳಬಾರದು, ಅದು ನಿಯಮ. ಮೂವತ್ತೈದು ವರ್ಷದ ನೌಕರೀಲಿ ಒಂದೇ ಒಂದು ಸಲ ಮೀರಿದೆ. ಚಿತ್ರ ಬಂದ ಮಾರನೇ ದಿನವೇ, ಮಂಗಳವಾರ, ನಿನಗೆ ಫೋನ್ ಮಾಡಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎತ್ತಲಿಲ್ಲ ನೀನು."

ಮಂಗಳವಾರ. ನೆನಪಾಯಿತು. ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದೆ. ಫೋನು ಬಡಿದುಕೊಂಡಿತು. ಹೋಗಿ ನೋಡಿದೆ, ಅವಳ ಹೆಸರು. ಸೆರಗಿನಲ್ಲಿ ಕೈ ಒರೆಸಿಕೊಂಡು, ಅದು ನಿಲ್ಲುವವರೆಗೆ ನೋಡುತ್ತಾ ನಿಂತಿದ್ದು, ಆಮೇಲೆ ಮಗುಚಿ ಇಟ್ಟಿದ್ದೆ. ಸಂಜೆ ಬಂದಾಗ ನಿಂತು ನೋಡಲೂ ಇಲ್ಲ. ಬಡಕೋ ಎಂದಿದ್ದೆ, ಬಾಯಿಬಿಟ್ಟೇ.

"ಇನ್ನೊಂದು ಸಲ ಮಾಡೋಕೆ ಏನಾಗಿತ್ತು?"

"ಎರಡೇ ಹೆಚ್ಚಾಯ್ತು" ಎಂದು ಬಕೆಟ್ಟಿನ ನೀರನ್ನು ಗುಂಡಿಯ ಮೇಲೆ ಚೆಲ್ಲಿ ಹೊರಟುಹೋದಳು.

ಪರೀಕ್ಷೆಯಲ್ಲಿ ಮಿಕ್ಕ ಹೊಲ ಪಾಸಾಯಿತು. ನೀಲಿ ಚೀಟಿಗಳನ್ನು ಅವಳು ತಂದುಕೊಡಲಿಲ್ಲ, ಮೂರು ಬೀದಿಯ ದೂರಕ್ಕೆ ಅಂಚೆಯಲ್ಲಿ ಕಳಿಸಿದಳು. ಆ ವರ್ಷ ನಮ್ಮೂರಿನಲ್ಲಿ ಒಬ್ಬರೂ ನನ್ನ ಗಡ್ಡೆ ಕೊಳ್ಳಲಿಲ್ಲ, ದೂರದವರು ಕೊಂಡರು. ತಾಯಿಗಡ್ಡೆ ಉಳಿಯಿತು, ಅಷ್ಟು ಸಾಕಾಗಿತ್ತು. ಪಂಪುವಿನ ಹೊಲ ನಾಲ್ಕು ಸಾಲು ಕಳೆದುಕೊಂಡು ಉಳಿಯಿತು. ಅವನು ಅವಳಿಗೆ ಕೈಮುಗಿಯಲು ಕಚೇರಿಗೆ ಹೋದನಂತೆ. ಚಾಪೆಯಲ್ಲಿ ಕಾಲು ಒರೆಸಿದಿರಾ ಎಂದು ಕೇಳಿದಳಂತೆ. ನನ್ನ ಜೊತೆ ಅವನು ಮಾತಾಡುವುದಿಲ್ಲ. ಒಂಬತ್ತು ವರ್ಷ ಆಯಿತು, ಬದುವಿನ ಆ ಬದಿಯಲ್ಲಿ ನಿಂತು ಗಾಳಿಗೆ ಹೇಳುವ ಹಾಗೆ ಹೇಳುತ್ತಾನೆ. ತಪ್ಪು ನನ್ನದು, ನಾನೂ ಗಾಳಿಗೇ ಉತ್ತರ ಕೊಡುತ್ತೇನೆ.

ಅವಳು ನಿವೃತ್ತಿಯಾಗಿ ಏಳು ವರ್ಷ. ಕಚೇರಿಯವರು ಮಾಡಿದ ಭಾಷಣಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದಳು. ಐದು ದಿನಕ್ಕೊಮ್ಮೆ ಬರುವ ಚಿತ್ರಗಳು ಈಗ ಯಾರು ಬೇಕಾದರೂ ನೋಡುವ ಹಾಗಿವೆಯಂತೆ, ಮನೆಯ ಕಂಪ್ಯೂಟರಿನಲ್ಲೇ ನೋಡುತ್ತಾಳೆ. ನಾವು ಸರಿಹೋದೆವು ಎಂದು ಯಾರೂ ತಿಳಿಯಬೇಡಿ. ಹೆಣದ ಮುಂದೆ ಮಾತ್ರೆ ಎಣಿಸಿದ್ದನ್ನು ನಾನು ಮರೆತಿಲ್ಲ, ಅವಳು ಅದಕ್ಕೆ ತಪ್ಪಾಯಿತು ಎಂದಿಲ್ಲ. ಆದರೆ ಅವಳ ಫೋನು ಬಂದರೆ ಕೈ ಒದ್ದೆಯಿದ್ದರೂ ಎತ್ತುತ್ತೇನೆ.

ಕಳೆದ ವಾರವೂ ಬಂತು.

"ಅತ್ತಿಗೆ, ಮೇಲಿನ ಕಡೆ ಎರಡು ಚೌಕ ಮಂಕಾಗಿದೆ. ಹೋಗಿ ನೋಡು."

"ನೀರು ಬಿಟ್ಟಿಲ್ಲ ಕಣೇ ಅಲ್ಲಿ, ಅದಕ್ಕೆ."

"ಕೂತಲ್ಲೇ ಹೇಳ್ಬೇಡ. ಹೋಗು, ಎಲೆ ತಿರುಗಿಸಿ ನೋಡು."

"ನಿನ್ನ ತಲೆ ತಿರುಗಿಸ್ತೀನಿ, ಎಪ್ಪತ್ತೊಂದು ನನಗೆ" ಎಂದೆ. ಎಂದು, ಚಪ್ಪಲಿ ಮೆಟ್ಟಿಕೊಂಡು ಹೋದೆ. ಅವಳು ಫೋನು ಇಡಲಿಲ್ಲ. ದಾರಿಯುದ್ದಕ್ಕೂ ಬೈದಾಡಿಕೊಂಡೇ ಹೊಲ ಮುಟ್ಟಿದೆವು.